ಪ್ರತಿ ಸಲವೂ ಐದೇ ಸೆಕೆಂಡು

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಈ ವಾರ ರೈತರ ಖಾತೆಗೆ ಹಣ ಹಾಕುವ ತಂತ್ರಾಂಶ ತಡವರಿಸತೊಡಗಿತು. ಸರ್ವರ್ ಮಾರಿದವರು ಸ್ಥಳಕ್ಕೆ ಬಾರದೆಯೇ ಮೆಮೊರಿ ಸಾಲದೆಂದು ತೀರ್ಮಾನಿಸಿ, ದರಪಟ್ಟಿಯನ್ನೂ ಕಳುಹಿಸಿದ್ದರು. ಯಂತ್ರವನ್ನು ಕಣ್ಣಾರೆ ನೋಡದೆ ಖರ್ಚು ಸೂಚಿಸುವುದು ಸರಿಯಲ್ಲ. ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿ ಮಾತ್ರ ಗಲ್ಲಾದ ಪಕ್ಕ ಕುಳಿತು, ಒಂದೊಂದು ಪಟ್ಟಿಗೂ ಮೊಬೈಲಿನಲ್ಲಿ ಹೊತ್ತು ಅಳೆದು ಹೇಳಿದಳು: "ಸರ್, ಪ್ರತಿ ಸಲವೂ ಐದೇ ಸೆಕೆಂಡು ನಿಲ್ಲುತ್ತೆ. ಮೆಮೊರಿ ಸಾಲದಿದ್ದರೆ ಇಷ್ಟು ಲೆಕ್ಕವಾಗಿ ನಿಲ್ಲುತ್ತಾ?"

ಆ ಮಾತು ಇನ್ನೂ ನನ್ನ ತಲೆಯಲ್ಲಿ ಸುತ್ತುತ್ತಿದೆ, ಏಕೆಂದರೆ ಉತ್ತರವೆಲ್ಲ ಆ 'ಐದೇ' ಎಂಬುದರಲ್ಲಿತ್ತು. ಬ್ಯಾಂಕನ್ನು ಸಂಪರ್ಕಿಸುವ ಮುನ್ನ ಅದರ ಸರ್ವರ್ ಹೆಸರಿಗೆ ಅಂಕಿಗಳ ವಿಳಾಸ ಹುಡುಕಬೇಕು, ಅದನ್ನು ಹೇಳುವುದು ಡಿಎನ್‌ಎಸ್ ಸರ್ವರ್. ಲಿನಕ್ಸ್ ಯಂತ್ರದಲ್ಲಿ ಹೀಗೆ ಕೇಳುವ ಮೂಲ ತಂತ್ರಾಂಶವಾದ ಜಿಲಿಬ್‌ಸಿ, ಪಟ್ಟಿಯಲ್ಲಿನ ಮೊದಲ ಡಿಎನ್‌ಎಸ್ ಸರ್ವರ್‌ನಿಂದ ಉತ್ತರ ಬಾರದಿದ್ದರೆ 5 ಸೆಕೆಂಡು ಕಾದು ಎರಡನೆಯದನ್ನು ಕೇಳುತ್ತದೆ. ಮೊದಲನೆಯದು ಸತ್ತಿದೆಯೆಂದು ನೆನಪಿಡದೆ ಮುಂದಿನ ಸಲವೂ ಅಲ್ಲಿಂದಲೇ ಆರಂಭಿಸುತ್ತದೆ, ಸಿಕ್ಕ ಉತ್ತರವನ್ನೂ ಇಟ್ಟುಕೊಳ್ಳುವುದಿಲ್ಲ. ಮಂಡಿಯಲ್ಲಿ ಆ ಮೊದಲನೆಯದೇ ಸತ್ತಿತ್ತು. ಹೀಗಾಗಿ ರೈತರ ಪ್ರತಿ ಪಟ್ಟಿಗೂ ಬ್ಯಾಂಕಿನ ಸರ್ವರ್ ವಿಳಾಸವನ್ನು ಹೊಸದಾಗಿ ಕೇಳಬೇಕು, ಪ್ರತಿ ಪಟ್ಟಿಗೂ ರೈತ ಕಾಯಬೇಕು.

ಮಂಡಿಯ ಸರ್ವರ್‌ನಲ್ಲಿಯೇ ಒಂದು ಕ್ಯಾಶೆ, ಅಂದರೆ ಸಿಕ್ಕ ಉತ್ತರಗಳನ್ನು ಕೂಡಿಟ್ಟುಕೊಳ್ಳುವ ತಂತ್ರಾಂಶ, ಇಡಲು ನಿರ್ಧರಿಸಿದೆವು. ಅಂಥ ಎರಡು ನಮ್ಮ ಮುಂದಿದ್ದವು. ಡಿಎನ್‌ಎಸ್‌ಮಾಸ್ಕ್ ಹಗುರವಾದದ್ದು, ತಾನಾಗಿ 150 ಹೆಸರುಗಳನ್ನು ಇಟ್ಟುಕೊಳ್ಳುತ್ತದೆ, ಮಂಡಿಗೆ ಅಷ್ಟು ಧಾರಾಳ ಸಾಕು. ಆದರೂ ನಾನು ಅನ್‌ಬೌಂಡ್ ಆರಿಸಿದೆ. ಯಾವ ಸರ್ವರ್ ನಿಧಾನ, ಯಾವುದು ಸತ್ತಿದೆ ಎಂಬುದನ್ನು ಅದು ನೆನಪಿಡುತ್ತದೆ. ಪ್ರತಿ ಉತ್ತರವನ್ನೂ ಇಂತಿಷ್ಟು ಹೊತ್ತು ಮಾತ್ರ ಇಟ್ಟುಕೊಳ್ಳಬಹುದೆಂಬ ಅವಧಿ ಇರುತ್ತದೆ. ಪ್ರಿಫೆಚ್ (ಮುಂಚಿತವಾಗಿ ತರುವ ಸೌಲಭ್ಯ) ಆನ್ ಮಾಡಿದರೆ, ಪದೇ ಪದೇ ಕೇಳುವ ಹೆಸರಿನ ಅವಧಿಯಲ್ಲಿ ಶೇ. 10ರಷ್ಟು ಉಳಿದಿರುವಾಗಲೇ ಹೊಸ ಉತ್ತರ ತಂದಿಡುತ್ತದೆ. ಹೊರಗಿನ ಡಿಎನ್‌ಎಸ್ ಪೂರ್ತಿ ಕೈಕೊಟ್ಟರೆ ಅವಧಿ ಮುಗಿದ ಉತ್ತರವನ್ನೇ ಕೊಡುವ ಅವಕಾಶವೂ ಅದರಲ್ಲಿದೆ. ಇಂಟರ್ನೆಟ್ ಮಾನದಂಡಗಳ ದಾಖಲೆಯಾದ 2020ರ ಆರ್‌ಎಫ್‌ಸಿ 8767 ಈ ಪದ್ಧತಿಯನ್ನು ವಿವರಿಸುತ್ತದೆ.

ಇದನ್ನು ಕೇಳಿದ ಮಂಡಿಯ ಹಿರಿಯ ಗುಮಾಸ್ತರು, "ಬ್ಯಾಂಕಿನೋರು ವಿಳಾಸ ಬದಲಾಯಿಸಿದ್ರೆ ನಮ್ಮ ದುಡ್ಡು ಎಲ್ಲಿಗೆ ಹೋಗುತ್ತಪ್ಪಾ?" ಎಂದರು. ಎಷ್ಟೋ ಎಂಜಿನಿಯರುಗಳು ಕೇಳದ ಪ್ರಶ್ನೆ ಅದು. ತಪ್ಪು ವಿಳಾಸಕ್ಕೆ ಹೋದರೂ, ಇದು ಬ್ಯಾಂಕೇ ಎಂದು ಖಾತ್ರಿಪಡಿಸುವ ಟಿಎಲ್‌ಎಸ್ ಪ್ರಮಾಣಪತ್ರ ತಾಳೆಯಾಗದೆ ಸಂಪರ್ಕವೇ ಕಡಿದುಹೋಗುತ್ತದೆ, ಹಣ ಹೊರಡುವುದಿಲ್ಲ ಎಂದು ವಿವರಿಸಿದೆ. ಆದರೂ ಅವರ ಆತಂಕಕ್ಕೆ ಬೆಲೆ ಕೊಟ್ಟು, ಹಳೆಯ ಉತ್ತರವನ್ನು 86,400 ಸೆಕೆಂಡು, ಅಂದರೆ ಒಂದು ದಿನಕ್ಕಿಂತ ಹೆಚ್ಚು ಬಳಸದಂತೆ ಮಿತಿ ಹಾಕಿದೆವು.

ಆಮೇಲೆ ಆ ಹುಡುಗಿಯೇ ಮತ್ತೊಂದು ಪ್ರಶ್ನೆ ಎತ್ತಿದಳು: ಅನ್‌ಬೌಂಡ್ ತಾನೇ ನಿಂತುಹೋದರೆ? ಅದನ್ನು ನಿಲ್ಲಿಸಿಯೇ ಪರೀಕ್ಷಿಸಿದೆವು. 127.0.0.1 ಎಂದರೆ ಯಂತ್ರ ತನ್ನನ್ನೇ ಕರೆಯುವ ವಿಳಾಸ, ಅನ್‌ಬೌಂಡ್ ಇರುವುದು ಅಲ್ಲಿಯೇ. ಅಲ್ಲಿ ಉತ್ತರಿಸುವವರಿಲ್ಲದಿದ್ದರೆ ಲಿನಕ್ಸ್‌ನ ತಿರುಳಾದ ಕರ್ನೆಲ್ ಕೂಡಲೇ ನಿರಾಕರಣೆ ತಿಳಿಸುವುದರಿಂದ ಜಿಲಿಬ್‌ಸಿ ಕಾಯದೆ ಡಿಎನ್‌ಎಸ್ ಸರ್ವರ್‌ಗಳ ಪಟ್ಟಿಯ ಮುಂದಿನ ಸಾಲಿಗೆ ಹೋಗುತ್ತದೆ. ಆದ್ದರಿಂದ ಹೊರಗಿನ ಡಿಎನ್‌ಎಸ್ ಒಂದನ್ನು ಎರಡನೆಯ ಸಾಲಿನಲ್ಲಿ ಉಳಿಸಿ, ಕಾಯುವ ಅವಧಿಯನ್ನು 1 ಸೆಕೆಂಡಿಗೆ ಇಳಿಸಿದ್ದೇವೆ.