ಓಟು ಕೇಳಿದ ಜಡ್ಜ್ ಮತ್ತು ನಮ್ಮ ಮೇಷ್ಟ್ರ ಪ್ರಶ್ನೆ

ಸಂವಿಧಾನದ ಕ್ಲಾಸು ನಡೆಯುತ್ತಿತ್ತು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಜಡ್ಜ್‌ಗಳು ಚುನಾವಣೆಗೆ ನಿಲ್ಲುತ್ತಾರೆ ಎಂದು ಮೇಷ್ಟ್ರು ಹೇಳಿದರು. ನಾನು ಎದ್ದು ನಿಂತು, "ಓಟು ಕೇಳಿದವರು ನ್ಯಾಯ ಹೇಳೋಕಾಗಲ್ಲ ಸಾರ್" ಅಂದೆ. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ, "ಸುಮ್ನೆ ಹೇಳಬೇಡಪ್ಪ, ಒಂದು ಕೇಸ್ ತೋರಿಸಿ ಹೇಳು" ಎಂದು ಕೂರಿಸಿದರು.

ಆ ಕೇಸ್ ನನಗೆ ಸಿಕ್ಕಿದ್ದು 2010ರಲ್ಲಿ, ಎಲ್‌ಎಲ್‌ಎಂ ಓದಲು ಅಮೆರಿಕದ ಮಿನ್ನೆಸೋಟ ರಾಜ್ಯದ ವಿಶ್ವವಿದ್ಯಾಲಯಕ್ಕೆ ಹೋದಾಗ. ಅದು ಚುನಾವಣೆಯ ವರ್ಷ. ನಮ್ಮ ಮನೆ ಓನರ್ ಅಡುಗೆಮನೆಯ ಟೇಬಲ್ ಮೇಲೆ ಮಾದರಿ ಮತಪತ್ರ ಇಟ್ಟಿದ್ದರು. ಅದರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜ್‌ಗಳ ಹೆಸರೂ ಇತ್ತು. ಪಕ್ಷದ ಹೆಸರಿಲ್ಲ. ಈಗಾಗಲೇ ಆ ಸ್ಥಾನದಲ್ಲಿ ಇರುವವರು ಯಾರು ಎಂಬ ಗುರುತು ಮಾತ್ರ. ನನ್ನ ಕಣ್ಣು ನಿಂತದ್ದು ಅಲನ್ ಪೇಜ್ ಎಂಬ ಹೆಸರಿನ ಮೇಲೆ.

ಓನರ್‌ಗೆ ಅವರು ಮೊದಲು ಅಮೆರಿಕನ್ ಫುಟ್ಬಾಲ್ ಆಟಗಾರ, ಆಮೇಲೆ ಜಡ್ಜ್. ಮಿನ್ನೆಸೋಟ ವೈಕಿಂಗ್ಸ್ ತಂಡದ ಡಿಫೆನ್ಸ್‌ನಲ್ಲಿ ಆಡಿದವರು. 1971ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಡಿಫೆನ್ಸ್ ಆಟಗಾರನಿಗೆ ಅದು ಸಿಕ್ಕಿದ್ದು ಅದೇ ಮೊದಲು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ತಂಡದಲ್ಲಿ ಆಡುತ್ತಿರುವಾಗಲೇ ಅವರು ನಾನು ಓದುತ್ತಿದ್ದ ಅದೇ ಲಾ ಸ್ಕೂಲಿಗೆ ಸೇರಿ 1978ರಲ್ಲಿ ಪದವಿ ಪಡೆದಿದ್ದರು. ಬರೀ ಓದುವುದೇ ಕೆಲಸವಾಗಿದ್ದ ನಾನು ಅಸೈನ್‌ಮೆಂಟ್‌ಗೆ ಪರದಾಡುತ್ತಿದ್ದೆ!

ಅವರು ಹುಟ್ಟಿದ್ದು 1945ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ಹದಿಮೂರನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡರು. ಕಾರ್ಖಾನೆಯ ದುಡಿಮೆಯೇ ಬದುಕಾಗುವುದು ಬೇಡ, ವಕೀಲನಾಗಬೇಕು ಎಂಬ ಆಸೆ ಚಿಕ್ಕಂದಿನಿಂದಲೇ ಇತ್ತು. ಅದೇ ಊರಲ್ಲಿ, ಶ್ರೇಷ್ಠ ಆಟಗಾರರನ್ನು ಗೌರವಿಸುವ ಫುಟ್ಬಾಲ್ ಹಾಲ್ ಆಫ್ ಫೇಮ್ ಕಟ್ಟುವಾಗ ಹುಡುಗನಾಗಿ ಕೂಲಿ ಮಾಡಿದ್ದರು. 1988ರಲ್ಲಿ ಅಲ್ಲೇ ಅವರಿಗೆ ಗೌರವ ಸಿಕ್ಕಿತು. ವೇದಿಕೆಯಲ್ಲಿ ತಮ್ಮನ್ನು ಪರಿಚಯಿಸಲು ಅವರು ಕರೆದದ್ದು ಕೋಚ್‌ನನ್ನಲ್ಲ, ಮಿನಿಯಾಪೊಲಿಸ್‌ನ ಒಬ್ಬ ಶಾಲಾ ಪ್ರಿನ್ಸಿಪಾಲರನ್ನು. ಮಾತಾಡಿದ್ದೂ ಶಿಕ್ಷಣದ ಬಗ್ಗೆಯೇ. ಅದೇ ವರ್ಷ ಶುರುವಾದ ಅವರ ಪ್ರತಿಷ್ಠಾನ ಕಾಲೇಜಿಗೆ ಹೋಗುವ ಕಪ್ಪು ಮತ್ತು ಇತರ ಬಿಳಿಯರಲ್ಲದ ಸಮುದಾಯಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಒಂದು ಷರತ್ತಿದೆ. ಪಡೆದವರು ಚಿಕ್ಕ ಮಕ್ಕಳ ಓದಿಗೆ ಜೊತೆಯಾಗಿ ನಿಲ್ಲಬೇಕು. ಈ ಷರತ್ತು ನನಗೆ ದುಡ್ಡಿಗಿಂತ ಜಾಸ್ತಿ ಇಷ್ಟವಾಗುತ್ತದೆ.

ಇನ್ನು ಚುನಾವಣೆ. ಆರು ವರ್ಷಕ್ಕೊಮ್ಮೆ ಜನರ ಮುಂದೆ ಹೋಗಬೇಕು ಎಂಬುದು ಮಿನ್ನೆಸೋಟದ ನಿಯಮ. ಆದರೆ ಹೆಚ್ಚಿನ ಜಡ್ಜ್‌ಗಳು ಮೊದಲು ಗವರ್ನರ್ (ರಾಜ್ಯದ ಚುನಾಯಿತ ಮುಖ್ಯಸ್ಥ) ನೇಮಕದಿಂದ ಬಂದು, ಆಮೇಲೆ ಓಟಿಗೆ ನಿಲ್ಲುತ್ತಾರೆ. 1992ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಒಬ್ಬ ಜಡ್ಜ್‌ರ ಅವಧಿಯನ್ನು ಗವರ್ನರ್ ವಿಸ್ತರಿಸಿದ್ದರಿಂದ ಆ ಸ್ಥಾನಕ್ಕೆ ಚುನಾವಣೆಯೇ ಇಲ್ಲ ಎಂದಾಯಿತು. ಸ್ಪರ್ಧಿಸಬೇಕೆಂದಿದ್ದ ಪೇಜ್ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ಜಡ್ಜ್‌ಗಳು ಪಕ್ಕಕ್ಕೆ ಸರಿದರು, ಬದಲಿ ಪೀಠ ಕೇಸು ಕೇಳಿ ಪೇಜ್ ಪರ ತೀರ್ಪು ಕೊಟ್ಟಿತು. ಅವರು ಚುನಾವಣೆ ಗೆದ್ದು 1993ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠ ಏರಿದರು. ಆ ಕೋರ್ಟಿನ ಮೊದಲ ಕಪ್ಪು ಜಡ್ಜ್ ಅವರೇ. 1998, 2004, 2010ರಲ್ಲೂ ಜನ ಗೆಲ್ಲಿಸಿದರು. ಎಪ್ಪತ್ತು ತುಂಬಿದಾಗ, 2015ರಲ್ಲಿ, ನಿಯಮದಂತೆ ನಿವೃತ್ತರಾದರು.

ನಾನು ಅಲ್ಲಿ ಓದುತ್ತಿದ್ದ ಆ ಚಳಿಗಾಲ ರಾಜ್ಯದ ರಾಜಧಾನಿ ಸೇಂಟ್ ಪಾಲ್‌ಗೆ ಹೋಗಿ ಸುಪ್ರೀಂ ಕೋರ್ಟಿನಲ್ಲಿ ಒಂದು ವಾದ ಕೇಳಿದೆ. ಏಳು ಜನ ಜಡ್ಜ್‌ಗಳು. ಬೋ ಟೈ ಕಟ್ಟಿದ್ದ ಪೇಜ್ ಅವರನ್ನು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಆಟದಲ್ಲಿ ಏಟು ತಿಂದ ಕಿರುಬೆರಳು ಅಡ್ಡಕ್ಕೆ ಚಾಚಿಕೊಂಡಿತ್ತು. ವಾದಕ್ಕಿಂತ ಆ ಬೆರಳನ್ನೇ ಹೆಚ್ಚು ನೋಡಿದೆ ಅನಿಸುತ್ತದೆ.

2011ರಲ್ಲಿ ಊರಿಗೆ ಬಂದ ವಾರವೇ ಆ 1992ರ ತೀರ್ಪಿನ ಪ್ರಿಂಟ್ ಹಿಡಿದು ಮೇಷ್ಟ್ರ ಮನೆಗೆ ಹೋದೆ. "ಸಾರ್, ನಾನು ಅವತ್ತು ಹೇಳಿದ್ದು ತಪ್ಪು" ಅಂದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕಾಫಿ ಆರಿಹೋಯಿತು. ಕೊನೆಗೆ ಕೇಳಿದರು: "ಇವರು ಫುಟ್ಬಾಲ್ ಆಡದೇ ಇದ್ದಿದ್ದರೆ ಜನ ಹೆಸರು ಗುರುತಿಸಿ ಓಟು ಹಾಕ್ತಿದ್ರಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಮೇಷ್ಟ್ರು ಹಾಳೆಗಳನ್ನು ಮಡಚಿ, ಮಾರನೇ ದಿನದ ಕ್ಲಾಸಿಗೆಂದು ತಮ್ಮ ಚೀಲಕ್ಕೆ ಹಾಕಿಕೊಂಡರು.