ವಾಲ್ವ್‌ನ ಕೀಲಿ ನಮ್ಮ ಕೈಯಲ್ಲಿರಲಿಲ್ಲ

ಆಶಾ ಕಾರ್ಯಕರ್ತೆಯ ಫೋನ್ ಬಂದಾಗ ಬೆಳಗಿನ ಐದೂವರೆ. "ಸರ್, ಮೇಲಿನ ಹಟ್ಟಿಯಲ್ಲಿ ರಾತ್ರಿಯಿಂದ ಏಳು ಜನಕ್ಕೆ ವಾಂತಿಭೇದಿ. ಅದರಲ್ಲಿ ಇಬ್ಬರು ಮಕ್ಕಳು. ನೀರಿನಿಂದಲೇ ಅನ್ನಿಸುತ್ತದೆ" ಎಂದರು. ಅದು 2023ರ ಜೂನ್. ಮುಂಗಾರಿನ ಮೊದಲ ಮಳೆ ಬಿದ್ದು ಮೂರು ದಿನವಾಗಿತ್ತು. ನಾನು ಬಯಲುಸೀಮೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಅಭಿವೃದ್ಧಿ ಅಧಿಕಾರಿ, ಜನ ಕರೆಯುವಂತೆ ಪಿಡಿಒ. ಹನ್ನೆರಡು ವರ್ಷದ ನೌಕರಿಯಲ್ಲಿ ಕಲಿತದ್ದಕ್ಕಿಂತ ಹೆಚ್ಚನ್ನು ಆ ಒಂದು ಬೆಳಗಿನಲ್ಲಿ ಕಲಿತೆ. ಅಂದು ಏನಾಯಿತು ಎಂದು ಈಚೆಗೆ ಕೆಲಸಕ್ಕೆ ಸೇರಿದ ಕಿರಿಯ ಸಹೋದ್ಯೋಗಿಗಳು ಕೇಳುತ್ತಿರುತ್ತಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಊರಿಗೆ ನೀರು ಬಿಡುವ ನೀರಗಂಟಿಯನ್ನು ಕರೆದುಕೊಂಡು ಹೊರಟೆ. ಹಟ್ಟಿಗೆ ತಿರುಗುವ ಕವಲಿನಲ್ಲಿ, ಚರಂಡಿಯ ಮಗ್ಗುಲಲ್ಲೇ, ಮಂಡಿಯುದ್ದದ ವಾಲ್ವ್ ಗುಂಡಿಯಿದೆ. ಅದರ ಮೇಲಿನ ಚಪ್ಪಡಿ ಒಡೆದು ಒಂದು ಮೂಲೆ ಒಳಗೆ ಕುಸಿದಿತ್ತು. ಮಳೆಗೆ ಉಕ್ಕಿದ ಚರಂಡಿ ನೇರವಾಗಿ ಗುಂಡಿಯೊಳಗೆ ಇಳಿದು ಕಪ್ಪು ನೀರು ತುಂಬಿಕೊಂಡಿತ್ತು. ನೀರಗಂಟಿ ಅಂಗಿಯ ತೋಳು ಮಡಚಿ ಕೈ ಇಳಿಬಿಟ್ಟು ತಡಕಿದರು. ಪೈಪಿನ ಕೂಡಿಕೆಗೆ ಯಾರೋ ಎಂದೋ ಸುತ್ತಿದ್ದ ಸೈಕಲ್ ಟ್ಯೂಬು ಕೊಳೆತು ಕೈಗೆ ಬಂತು. ನೀರು ಬಿಟ್ಟಾಗ ಆ ಸೀಳಿನಿಂದ ನೀರು ಹೊರಕ್ಕೆ ಚಿಮ್ಮುತ್ತದೆ. ನಿಲ್ಲಿಸಿದಾಗ ಪೈಪು ಬರಿದಾಗುತ್ತಾ ಅದೇ ಸೀಳಿನಿಂದ ಗುಂಡಿಯ ಕೊಳಚೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲ ಕೊಡ ಹಿಡಿಯುವ ಮನೆಗೆ ಮೊದಲು ಹೋಗುವುದು ಆ ಕೊಳಚೆಯೇ.

ಮಾಡಬೇಕಾದದ್ದು ಕಣ್ಣೆದುರಿಗಿತ್ತು: ಮೇಲಿನ ಮುಖ್ಯ ವಾಲ್ವ್ ಮುಚ್ಚಬೇಕು. ಆದರೆ ಆ ವಾಲ್ವ್‌ಗೆ ಸರಪಳಿ, ಸರಪಳಿಗೆ ಬೀಗ. ಅದು ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಮಾರ್ಗ. ಪಂಚಾಯಿತಿಗೆ ಹಸ್ತಾಂತರವಾಗಿರಲಿಲ್ಲ, ನಿರ್ವಹಣೆ ಒಬ್ಬ ಗುತ್ತಿಗೆದಾರರದು. ಕೀಲಿ ಇದ್ದದ್ದು ಎಂಟು ಕಿಲೋಮೀಟರ್ ಆಚೆಯ ಊರಿನ ಆಪರೇಟರ್ ಬಳಿ. "ಎಂಜಿನಿಯರ್ ಹೇಳಿದರೆ ಬರುತ್ತೇನೆ" ಎಂದ. ಎಂಜಿನಿಯರ್ ಅವರ ಫೋನ್ ಸಿಗಲಿಲ್ಲ. ಆರೂವರೆಗೆ ಶುರುವಾದ ಈ ಅಲೆದಾಟ ಮುಗಿದು ವಾಲ್ವ್ ಮುಚ್ಚಿದ್ದು ಎಂಟು ಹತ್ತಕ್ಕೆ. ಅಷ್ಟು ಹೊತ್ತಿಗೆ ಆ ದಿನದ ನೀರು ಬಿಟ್ಟು, ಅರ್ಧ ಹಟ್ಟಿ ಕೊಡ ತುಂಬಿಸಿಕೊಂಡಿತ್ತು. ಕಸದ ಗಾಡಿಯ ಮೈಕಿನಲ್ಲಿ ನೀರು ಕುಡಿಯಬೇಡಿ ಎಂದು ಸಾರಿಸಿದೆವು; ಹೊಲಕ್ಕೆ ಹೊರಟಿದ್ದವರಿಗೆ ಅದು ಕೇಳಿಸಲೇ ಇಲ್ಲ.

ಒಟ್ಟು ಮೂವತ್ತೊಂದು ಜನ ಮಲಗಿದರು. ಯಾರೂ ಸಾಯಲಿಲ್ಲ. ಒಬ್ಬ ಅಜ್ಜಿ ತಾಲ್ಲೂಕು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ತೀರಿಕೊಂಡ ಸುದ್ದಿ ಓದಿದಾಗ, ನಮ್ಮ ಹಟ್ಟಿ ಎಷ್ಟು ಕೂದಲೆಳೆಯಲ್ಲಿ ಪಾರಾಗಿತ್ತು ಎಂಬುದು ತಿಳಿದು ಆ ರಾತ್ರಿ ನಿದ್ದೆ ಬರಲಿಲ್ಲ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಸರಪಳಿ ಕತ್ತರಿಸುವ ಉಪಕರಣ ನಮ್ಮ ಕಚೇರಿಯಲ್ಲೇ ಇತ್ತು. ನಾನು ತರಿಸಲಿಲ್ಲ. ಅದು ಇನ್ನೊಂದು ಇಲಾಖೆಯ ಆಸ್ತಿ, ಮುಟ್ಟಿದರೆ ನೋಟಿಸ್ ಬರುತ್ತದೆ ಎಂದು ಮನಸ್ಸು ಹಿಂಜರಿಯಿತು. ಆ ಹಿಂಜರಿಕೆಗೆ ಒಂದು ಗಂಟೆ ನಲವತ್ತು ನಿಮಿಷದ ಬೆಲೆ ಕೊಟ್ಟವರು ಹಟ್ಟಿಯ ಜನ. ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಊರಿನ ಆರೋಗ್ಯದ ಹೊಣೆ ಪಂಚಾಯಿತಿಯದು ಎಂದು ಎಲ್ಲ ಕಾಗದಗಳೂ ಹೇಳುತ್ತಿರುವಾಗ, ಒಂದು ವಾಲ್ವ್ ತಿರುಗಿಸುವ ಅಧಿಕಾರ ನಮಗೇಕೆ ಇರಲಿಲ್ಲ?

ಉತ್ತರ ಹುಡುಕುತ್ತಾ ಮೂಲಕ್ಕೇ ಹೋದೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಹನ್ನೊಂದನೆಯ ಅನುಸೂಚಿಯಲ್ಲಿ 29 ವಿಷಯಗಳನ್ನು ಪಟ್ಟಿ ಮಾಡಿದೆ. ಕುಡಿಯುವ ನೀರು ಅದರಲ್ಲಿದೆ. ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಔಷಧಾಲಯಗಳೂ ಸೇರಿದಂತೆ ಆರೋಗ್ಯ ಮತ್ತು ನೈರ್ಮಲ್ಯವೂ ಇದೆ. ಆದರೆ ಈ ಅಧಿಕಾರಗಳನ್ನು ಕೊಡುವ ವಿಧಿಯನ್ನು ನಿಧಾನವಾಗಿ ಓದಿ. ರಾಜ್ಯ ವಿಧಾನಮಂಡಲವು ಪಂಚಾಯಿತಿಗಳಿಗೆ ಅಧಿಕಾರವನ್ನು ನೀಡಬಹುದು ಎಂದಿದೆ. ನೀಡತಕ್ಕದ್ದು ಎಂದಿಲ್ಲ. ಕಾನೂನು ಓದುವವರಿಗೆ ಈ ಎರಡು ಪದಗಳ ನಡುವಿನ ದೂರ ಗೊತ್ತು. ನಾನು ಆ ದೂರವನ್ನು ವಾಲ್ವ್ ಗುಂಡಿಯ ಪಕ್ಕ ನಿಂತು ಅಳೆದವನು. ಆ ‘ಬಹುದು’ ಎಂಬಲ್ಲಿ ರಾಜ್ಯ ತನಗೆ ಬೇಕಾದಷ್ಟನ್ನು ಕೊಡುತ್ತದೆ, ಬೇಕಾದಷ್ಟನ್ನು ಇಟ್ಟುಕೊಳ್ಳುತ್ತದೆ. ನಮ್ಮ ಪಂಚಾಯತ್ ರಾಜ್ ಅಧಿನಿಯಮದ 58ನೇ ಪ್ರಕರಣ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳನ್ನು ಹೇಳುತ್ತದೆ: ನೀರು, ಚರಂಡಿ, ನೈರ್ಮಲ್ಯ. ಕೆಲಸದ ಪಟ್ಟಿ ಕೆಳಗೆ ಬಂತು. ಆ ಕೆಲಸ ಮಾಡುವ ಎಂಜಿನಿಯರು, ವೈದ್ಯರು, ಟೆಂಡರು ಮೇಲೆಯೇ ಉಳಿದವು.

ಹಣದ ಕಥೆಯೂ ಇದೇ. ಆಗ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಮೀಸಲಾಗಿತ್ತು. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರಿಗೆ. ನೀರಿಗೆ ಹಣ ಮೀಸಲಿಟ್ಟದ್ದು ತಪ್ಪಲ್ಲ, ನಾನು ಅದನ್ನು ಸ್ವಾಗತಿಸುತ್ತೇನೆ. ಆದರೆ ಕ್ರಿಯಾ ಯೋಜನೆಯಲ್ಲಿ ಇಲ್ಲದ ಕಾಮಗಾರಿಗೆ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ, ಹಸ್ತಾಂತರವಾಗದ ಪೈಪಿಗೆ ಖರ್ಚು ಹಾಕಿದರೆ ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆ. ಆ ಬೆಳಗ್ಗೆ ನೀರಿಗೆಂದೇ ಬಂದ ಹಣ ಖಾತೆಯಲ್ಲಿತ್ತು, ನೀರಿನ ಪೈಪು ಎದುರಿಗೇ ಸೀಳಿತ್ತು. ಆ ಹಣವನ್ನು ಆ ಪೈಪಿಗೆ ಮುಟ್ಟಿಸುವ ದಾರಿ ಮಾತ್ರ ಇರಲಿಲ್ಲ.

ಹಾಗಾದರೆ ಅಂದು ಓಆರ್‌ಎಸ್ ಪೊಟ್ಟಣ, ಬ್ಲೀಚಿಂಗ್ ಪೌಡರ್, ಅಜ್ಜಿಯನ್ನು ಆಸ್ಪತ್ರೆಗೆ ಒಯ್ದ ಆಟೋ, ಇವಕ್ಕೆ ಹಣ ಎಲ್ಲಿಂದ ಬಂತು? ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣಾ ಸಮಿತಿಯ ಮುಕ್ತನಿಧಿಯಿಂದ. ಗ್ರಾಮಕ್ಕೆ ವರ್ಷಕ್ಕೆ 10,000 ರೂಪಾಯಿ ನಿಗದಿಯಾದ, ತೀರ ಸಣ್ಣ ಮೊತ್ತ ಅದು. ಆಶಾ ಕಾರ್ಯಕರ್ತೆ ಮತ್ತು ವಾರ್ಡಿನ ಸದಸ್ಯೆ ಇಬ್ಬರೂ ಸಹಿ ಹಾಕಿದರು, ಹಣ ಬಂತು. ಯಾರ ಅನುಮೋದನೆಗೂ ಕಾಯಬೇಕಾಗಲಿಲ್ಲ. ಆ ದಿನ ನಮ್ಮನ್ನು ಕೈಹಿಡಿದದ್ದು ಕೋಟಿಗಳ ಯೋಜನೆಯಲ್ಲ, ಸ್ಥಳದಲ್ಲಿದ್ದ ಇಬ್ಬರು ಹೆಂಗಸರು ಸ್ವತಃ ನಿರ್ಧರಿಸಿ ಬಳಸಬಹುದಾಗಿದ್ದ ಆ ಸಣ್ಣ ಹಣ. ಇದನ್ನು ನಾನು ಹೋದ ಕಡೆಯೆಲ್ಲ ಹೇಳುತ್ತೇನೆ.

ಇಂಥ ಅನುಭವ ಅದೇ ಮೊದಲಲ್ಲ. 2020ರಲ್ಲಿ ಕೋವಿಡ್ ಬಂದಾಗ ನಾನು ಬೇರೆ ಪಂಚಾಯಿತಿಯಲ್ಲಿದ್ದೆ. ಆ ವರ್ಷದ ಮಧ್ಯದಲ್ಲಿ ಗ್ರಾಮ ಪಂಚಾಯಿತಿಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು. ಚುನಾವಣೆ ನಡೆದದ್ದು ಡಿಸೆಂಬರ್ 22 ಮತ್ತು 27ರಂದು. ನಡುವಿನ ಆ ತಿಂಗಳುಗಳಲ್ಲಿ ಬೆಂಗಳೂರಿನಿಂದ ಮರಳಿದವರ ಮನೆಬಾಗಿಲಿಗೆ ಹೋಗಿ ಮಾತನಾಡಬಲ್ಲ ಸದಸ್ಯರೇ ಇರಲಿಲ್ಲ. ನಾವು ನೋಟಿಸ್ ಅಂಟಿಸಿದೆವು, ಜನ ಬಾಗಿಲು ಹಾಕಿಕೊಂಡರು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಎರಡನೇ ಅಲೆ ಬಂದಾಗ ಹೊಸ ಸದಸ್ಯರಿದ್ದರು. ಜ್ವರವನ್ನು ಮುಚ್ಚಿಟ್ಟಿದ್ದ ಒಂದು ಮನೆಯ ಮುಂದೆ ಸದಸ್ಯೆಯೊಬ್ಬರು ಜಗಲಿಯ ಮೇಲೆ ಕುಳಿತು, "ನಿನ್ನ ಮದುವೆಗೆ ಸೋಬಾನೆ ಹಾಡಿದವಳು ನಾನು, ನನ್ನ ಮಾತು ಕೇಳು" ಎಂದದ್ದು ಈಗಲೂ ಕಿವಿಯಲ್ಲಿದೆ. ಆ ಹುಡುಗ ಎದ್ದು ಬಂದು ಪರೀಕ್ಷೆ ಮಾಡಿಸಿಕೊಂಡ. ಯಾವ ಸುತ್ತೋಲೆಯೂ ಆ ಕೆಲಸ ಮಾಡಲಾರದು.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಸ್ಥಿತಿ ಇನ್ನೂ ಕಷ್ಟದ್ದು. ಅವುಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಹಿಂಪಡೆದು ಬೇರೊಂದು ಆಯೋಗ ರಚಿಸಿದ ಮೇಲೆ ವರ್ಷಗಳೇ ಉರುಳಿದವು. ಪೈಪ್ ಸೀಳಿದ ಆ ಜೂನ್‌ನಲ್ಲಿ ನಾನು ದೂರು ಒಯ್ಯಲು ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯರೂ ಇರಲಿಲ್ಲ. ಒಂದು ಕಾಲದಲ್ಲಿ ದೇಶಕ್ಕೇ ಮಾದರಿಯಾಗಿದ್ದ ರಾಜ್ಯ ನಮ್ಮದು. 1983ರ ಕಾಯ್ದೆ, 1987ರ ಚುನಾವಣೆ, ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಅವರ ಜಿಲ್ಲಾ ಪರಿಷತ್ತು. ಆಗ ಆಸ್ಪತ್ರೆಗೆ ಡಾಕ್ಟರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು ಎಂದು ನಮ್ಮೂರಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಮೈಸೂರಿನಲ್ಲಿ ಅವರ ಹೆಸರಿನ ಸಂಸ್ಥೆಯಲ್ಲೇ ನಾನು ತರಬೇತಿ ಪಡೆದವನು. ಅದಕ್ಕೇ ಈ ಹಿನ್ನಡೆ ನನಗೆ ಸ್ವಂತ ನೋವಿನಂತೆ ತಾಗುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ನನ್ನ ಅಕ್ಕನ ಮನೆ ಕಾಸರಗೋಡಿನ ಕಡೆ. ಕನ್ನಡ ಮಾತನಾಡುವ ಊರು, ಆಡಳಿತ ಮಾತ್ರ ಕೇರಳದ್ದು. ಕೇರಳ 1990ರ ದಶಕದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಗ್ರಾಮ ಪಂಚಾಯಿತಿಗಳಿಗೆ ವಹಿಸಿತು. ಊರಿನ ಯೋಜನೆಯನ್ನು ಊರಿನವರೇ ರೂಪಿಸುವ 1996ರ ಜನಯೋಜನೆಯ ಅಭಿಯಾನದಲ್ಲಿ ರಾಜ್ಯದ ಯೋಜನಾ ವೆಚ್ಚದ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಒಮ್ಮೆ ಅಕ್ಕನ ಮೊಮ್ಮಗಳಿಗೆ ಜ್ವರ ಬಂದು ಸಂಜೆ ಐದಕ್ಕೆ ಅಲ್ಲಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋದೆವು. ವೈದ್ಯೆ ಇದ್ದರು. ಸಂಜೆಯ ಹೊತ್ತಿಗೆಂದೇ ಪಂಚಾಯಿತಿ ನೇಮಿಸಿಕೊಂಡವರು. ಸರತಿಯಲ್ಲಿ ಕುಳಿತು ನಾನು ಯೋಚಿಸಿದ್ದು ಇಷ್ಟೇ: ನಮ್ಮ ಆರೋಗ್ಯ ಕೇಂದ್ರದ ವೈದ್ಯರು ಒಳ್ಳೆಯವರು, ಕರೆದರೆ ಬರುತ್ತಾರೆ. ಆದರೆ ನಾಳೆ ಅವರಿಗೆ ವರ್ಗವಾದರೆ, ಆ ಹುದ್ದೆ ಎಷ್ಟು ತಿಂಗಳು ಖಾಲಿ ಇರುತ್ತದೆ ಎಂದು ಕೇಳುವ ಹಕ್ಕು ಕೂಡ ನಮ್ಮ ಪಂಚಾಯಿತಿಗೆ ಇಲ್ಲ.

ರಾಜ್ಯ ಹಿಡಿತ ಸಡಿಲಿಸಬಾರದ ಜಾಗಗಳೂ ಇವೆ ಎಂದು ಒಪ್ಪುತ್ತೇನೆ. ಲಸಿಕೆ, ಪ್ರಯೋಗಾಲಯದ ಗುಣಮಟ್ಟ, ನೀರಿನಲ್ಲಿ ಫ್ಲೋರೈಡ್ ಎಷ್ಟಿರಬಹುದು ಎಂಬ ಮಿತಿ, ಇವು ಊರಿಗೊಂದು ಆಗಬಾರದು. ಹಟ್ಟಿಯ ಜನರನ್ನು ಊರಿನ ಪ್ರಬಲರು ಕಡೆಗಣಿಸಿದಾಗ ಮೇಲಿನವರು ಕೈಹಾಕಬೇಕಾದದ್ದೂ ನಿಜ. ನಾನು ಅಂಥದ್ದನ್ನು ಕಂಡಿದ್ದೇನೆ. ರಾಜ್ಯ ಕನಿಷ್ಠ ಮಟ್ಟವನ್ನು ಹಾಕಲಿ, ಅದಕ್ಕಿಂತ ಕೆಳಗಿಳಿಯಲು ಯಾರಿಗೂ ಬಿಡದಿರಲಿ. ಅದಕ್ಕಿಂತ ಮೇಲೇರಲು ಅಡ್ಡಿ ಮಾಡದಿರಲಿ. 2024ರಲ್ಲಿ ಡೆಂಗಿ ಏರಿದಾಗ ನಮ್ಮ ಸಭೆ ಸೊಳ್ಳೆ ಬೆಳೆಯುವಂತೆ ನೀರು ನಿಲ್ಲಲು ಬಿಟ್ಟ ಮನೆಗಳಿಗೆ ದಂಡ ಹಾಕಲು ಮಳೆಗಾಲಕ್ಕೆ ಮುಂಚೆಯೇ ಠರಾವು ಮಾಡಲು ಬಯಸಿತ್ತು. ಯಾವ ನಿಯಮದಡಿ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗಲಿಲ್ಲ. ಗ್ರಾಮೀಣ ಮನೆಗಳಿಗೆ 200 ರೂಪಾಯಿ ದಂಡದ ನಿಯಮ ರಾಜ್ಯದಿಂದ ಬಂದದ್ದು ಸೆಪ್ಟೆಂಬರ್ ಹೊತ್ತಿಗೆ. ಆ ವೇಳೆಗೆ ನಮ್ಮಲ್ಲಿ ಜ್ವರ ಬಂದು ಹೋಗಿತ್ತು.

ಆ ಜೂನ್ ನಂತರ ನಾವು ಬದಲಿಸಿಕೊಂಡದ್ದನ್ನು ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಮೊದಲಿಗೆ ಗ್ರಾಮಸಭೆಯಲ್ಲಿ ಒಂದು ನಿರ್ಣಯ: ವಾಂತಿಭೇದಿಯ ಮೂರು ಪ್ರಕರಣ ಒಂದೇ ದಿನ ಕಂಡರೆ ಆ ಮಾರ್ಗದ ನೀರನ್ನು ಪಂಚಾಯಿತಿಯೇ ನಿಲ್ಲಿಸುತ್ತದೆ, ಆಮೇಲೆ ತಿಳಿಸುತ್ತದೆ. ಅದರ ಪ್ರತಿಯನ್ನು ಸಂಬಂಧಪಟ್ಟ ಎಲ್ಲ ಕಚೇರಿಗಳಿಗೂ ಸ್ವೀಕೃತಿ ಪಡೆದು ತಲುಪಿಸಿದೆವು. ಯಾರೂ ಒಪ್ಪಿಗೆ ಬರೆದುಕೊಡಲಿಲ್ಲ, ಯಾರೂ ಬೇಡವೆಂದೂ ಬರೆಯಲಿಲ್ಲ. ಬರವಣಿಗೆಯಲ್ಲಿ ಬೇಡ ಎನ್ನುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತಾದದ್ದು ಆಗಲೇ. ಎರಡು ತಿಂಗಳ ಓಡಾಟದ ನಂತರ ಗುತ್ತಿಗೆದಾರರು ಕೀಲಿಯ ಒಂದು ಜೋಡಿಯನ್ನು ನಮಗೆ ಕೊಟ್ಟರು. ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಕುಡಿಯುವ ನೀರಿನ ತುರ್ತು ದುರಸ್ತಿ ಎಂಬ ಸಾಲನ್ನು ಮರೆಯದೆ ಸೇರಿಸುತ್ತೇವೆ. ಆರೋಗ್ಯ ಕೇಂದ್ರದ ವೈದ್ಯರನ್ನು ತಿಂಗಳ ಸಾಮಾನ್ಯ ಸಭೆಗೆ ಪತ್ರ ಬರೆದು ಕರೆಯುತ್ತೇವೆ. ಬರಲೇಬೇಕೆಂಬ ಕಟ್ಟುಪಾಡಿಲ್ಲ, ಆದರೂ ಬರುತ್ತಾರೆ.

ಕೂಡಿಕೆಯನ್ನು ಸರಿಪಡಿಸಿದ್ದಾರೆ. ಪೈಪನ್ನು ಚರಂಡಿಯಿಂದ ದೂರ ಸರಿಸಿ ಎಂದು ನಾವು ಬರೆದ ನಾಲ್ಕು ಪತ್ರಗಳಿಗೆ ಉತ್ತರ ಬಂದಿಲ್ಲ. ಐದನೆಯದನ್ನು ಮುಂದಿನ ಗ್ರಾಮಸಭೆಯ ನಡಾವಳಿಯ ಜೊತೆ ಲಗತ್ತಿಸಿ ಕಳಿಸುತ್ತೇವೆ. ಈಗ ಪ್ರತಿ ಬೆಳಗ್ಗೆ ನೀರಗಂಟಿ ಹಟ್ಟಿಯ ಕೊನೆಯ ನಲ್ಲಿಯಿಂದ ಪುಟ್ಟ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ದ್ರಾವಣದ ಹನಿ ಹಾಕಿ ಬೆಳಕಿಗೆ ಎತ್ತಿ ನೋಡುತ್ತಾರೆ. ತಿಳಿ ಹಳದಿ ಬಂದರೆ ಕ್ಲೋರಿನ್ ಇದೆ. ಬಣ್ಣ ಬಾರದಿದ್ದರೆ ನನಗೆ ಫೋನ್ ಮಾಡುತ್ತಾರೆ, ಮೊಳೆಗೆ ನೇತುಹಾಕಿದ ಕೀಲಿ ತೆಗೆದುಕೊಂಡು ವಾಲ್ವ್ ಕಡೆಗೆ ಹೊರಡುತ್ತಾರೆ.