ಲೀಡ್ಸಿನ ಹೊಸಮನ್ಯಾರು

ಲೀಡ್ಸ್ ಊರಿನ ಪೂರ್ವದಂಚಿಗೆ ಕಾರು ಓಡಿಸುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅವ್ವ ರಸ್ತೆ ಬದಿಯ ಕಂದು ಬೋರ್ಡನ್ನು ಅಕ್ಷರ ಕೂಡಿಸಿ ಓದಿದಳು. "ಟೆಂ... ಪಲ್. ಯಾವ ದೇವರ ಗುಡಿ ಐತೋ ಇಲ್ಲೆ? ಮೊದಲ ಹೇಳಿದ್ರ ತಲಿಗೆ ನೀರು ಹಾಕ್ಕೊಂಡು ಬರತಿದ್ನಲ್ಲ!"

ಟೆಂಪಲ್ ನ್ಯೂಸಮ್‌ನಲ್ಲಿ ಗುಡಿಯಿಲ್ಲ. ಇರುವುದು ಕೆಂಪು ಇಟ್ಟಿಗೆಯ ಭಾರೀ ಬಂಗಲೆ, ಕಣ್ಣು ಹಾಯುವಷ್ಟು ಹುಲ್ಲುಗಾವಲು, ಅಪರೂಪದ ತಳಿಯ ದನಕುರಿಗಳ ಒಂದು ಫಾರ್ಮು. 1922ರಿಂದ ಎಲ್ಲವೂ ಲೀಡ್ಸ್ ನಗರಸಭೆಯದು. ಸ್ಕಾಟ್ಲೆಂಡಿನ ರಾಣಿ ಮೇರಿಯ ಗಂಡ ಡಾರ್ನ್‌ಲಿ ಹುಟ್ಟಿದ್ದು ಇಲ್ಲೇ ಎಂದು ಹೇಳಿ ನೋಡಿದೆ. ಅವ್ವನ ಲಕ್ಷ್ಯವೆಲ್ಲ ದನಗಳ ಮೇಲಿತ್ತು.

ಗುಡಿಯ ವಿಷಯ ಮಾತ್ರ ಬಿಡಲಿಲ್ಲ. 12ನೇ ಶತಮಾನದಲ್ಲಿ ಈ ಜಮೀನು ಟೆಂಪ್ಲರ್ ಎಂಬ ಕ್ರೈಸ್ತ ಯೋಧ ಸನ್ಯಾಸಿಗಳ ಕೈಗೆ ಬಂದಿತ್ತು. ಜೆರುಸಲೇಮಿನಲ್ಲಿ ಸೊಲೊಮನ್ ದೊರೆಯ ದೇವಾಲಯವಿತ್ತೆನ್ನುವ ಜಾಗದಲ್ಲಿ ಅವರ ಮೂಲ ಠಾಣ್ಯ, ಅದಕ್ಕೇ ಅವರಿಗೆ ಆ ಹೆಸರು. ಲಂಡನ್ನಿನ ಟೆಂಪಲ್ ಸ್ಟೇಷನ್, ಬ್ರಿಸ್ಟಲಿನ ಟೆಂಪಲ್ ಮೀಡ್ಸ್ ಕೂಡ ಅವರ ಆಸ್ತಿಯ ಗುರುತೇ. ಇಷ್ಟನ್ನೂ ಕೇಳಿ ಅವ್ವ ಅಂದಳು: "ಹಂಗಾರ ಗುಡಿ ಇತ್ತು. ಬ್ಯಾರೆ ಊರಾಗಿತ್ತು, ಅಷ್ಟ."

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಿನ ಉಳಿದರ್ಧ. 1086ರಲ್ಲಿ ವಿಲಿಯಂ ದೊರೆ ಬರೆಸಿದ ಡೂಮ್ಸ್‌ಡೇ ದಫ್ತರದಲ್ಲಿ ಈ ಊರು 'ನ್ಯೂಹುಸುಮ್'. ಹಳೆಯ ಇಂಗ್ಲಿಷಿನಲ್ಲಿ 'ಹೂಸ್' ಎಂದರೆ ಮನೆ, 'ಹೂಸುಮ್' ಎಂದರೆ ಮನೆಗಳಲ್ಲಿ. ಹೊಸ ಮನೆಗಳಲ್ಲಿ! ಆ 'ಉಮ್' ನಮ್ಮ 'ಅಲ್ಲಿ', ನಮ್ಮ ಗದಗಿನ ಕಡೆಯ 'ಮನ್ಯಾಗ' ಎಂಬಲ್ಲಿನ 'ಆಗ'. ಇಂಗ್ಲಿಷರು ಮಾತಿನಲ್ಲಿ ಆ ವಿಭಕ್ತಿಯನ್ನು ಎಂದೋ ಬಿಟ್ಟರು, ಊರ ಹೆಸರಿನಲ್ಲಿ ಮಾತ್ರ ಅದು ಒಣಗಿ ಅಂಟಿಕೊಂಡಿದೆ.

ನಮ್ಮ ಅಡ್ಡಹೆಸರು ಹೊಸಮನಿ. ಈ ದೇಶಕ್ಕೆ ಬಂದಾಗಿನಿಂದ ಅದನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬಾಯಿ ಒಣಗಿದೆ. ನನ್ನ ಆಫೀಸಿನಲ್ಲೇ ನ್ಯೂಸಮ್ ಎಂಬ ಅಡ್ಡಹೆಸರಿನ ಹಿರಿಯರೊಬ್ಬರಿದ್ದಾರೆ. ಎರಡು ವರ್ಷ ಎದುರುಬದುರು ಕೂತು ಕೆಲಸ ಮಾಡಿದರೂ ಇಬ್ಬರಿಗೂ ಹೊಳೆದಿರಲಿಲ್ಲ.

ಸೋಮವಾರ ಚಹಾದ ಹೊತ್ತಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ತಮ್ಮ ಮನೆತನ ಹಡರ್ಸ್‌ಫೀಲ್ಡ್ ಕಡೆಯದು, ಅಲ್ಲೂ ನ್ಯೂಸಮ್ ಎಂಬ ಊರಿದೆ ಎಂದರು. ಯಾರ್ಕ್‌ಷೈರ್ ತುಂಬ ಈ ಹೆಸರಿನ ಊರುಗಳಿವೆ: ನ್ಯೂಸಮ್, ನ್ಯೂಶಮ್, ನ್ಯೂಸ್‌ಹೋಮ್. 2019ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆದ ಗ್ಯಾವಿನ್ ನ್ಯೂಸಮ್ ಅವರ ಅಡ್ಡಹೆಸರೂ ಇದೇ ಬಳಗದ್ದು. ಆದರೆ ನ್ಯೂಸಮ್‌ನಲ್ಲೇ ಕೂತವನನ್ನು ಯಾರೂ ನ್ಯೂಸಮ್ ಎಂದು ಕರೆದಿರಲಾರರು. ಊರು ಬಿಟ್ಟು ಹೋದವನಿಗೇ ಊರಿನ ಹೆಸರು ಬೀಳುವುದು. ಧಾರವಾಡ ಅಡ್ಡಹೆಸರಿನವರನ್ನು ಧಾರವಾಡದ ಆಚೆಗೇ ಹುಡುಕಬೇಕು. ನಮ್ಮದು ಊರಲ್ಲ, ಊರೊಳಗಿನ ಒಂದು ಮನೆ. ಅದರ ಹೆಸರಿಗೆ ಊರು ಬಿಡಬೇಕಿಲ್ಲ, ಪಕ್ಕದ ಓಣಿಗೆ ಹೋದರೂ ಸಾಕು.

ಸಂಜೆ ಅವ್ವನಿಗೆ ವರದಿ ಒಪ್ಪಿಸಿದೆ. ಸೊಪ್ಪು ಸೋಸುತ್ತಲೇ ಕೇಳಿದಳು: "ಅವರು ಹೊಸಮನ್ಯಾರಾದ್ರ, ಹಳೇಮನ್ಯಾರು ಯಾರಂತ?"

ಮರುದಿನ ಅದನ್ನೇ ಅವರಿಗೆ ದಾಟಿಸಿದೆ. ಕಪ್ಪು ಕೆಳಗಿಟ್ಟು ಬಹಳ ಹೊತ್ತು ಯೋಚಿಸಿದರು. ಗೊತ್ತಿಲ್ಲ, ನಿಮ್ಮಲ್ಲಿ ಹಳೆಯ ಮನೆಯವರು ಯಾರು ಎಂದು ತಿರುಗಿ ನನ್ನನ್ನೇ ಕೇಳಿದರು.

ನನಗೂ ಗೊತ್ತಿರಲಿಲ್ಲ. ಅವ್ವನಿಗೆ ಫೋನು ಮಾಡಿದೆ.

"ಅದಾರಲ್ಲ, ಹಿಂದಿನ ಓಣ್ಯಾಗ. ನಿಮ್ಮ ಮುತ್ತಜ್ಜನ ಕಾಲದಾಗ ಪಾಲಾತು. ಆವಾಗಿಂದ ಅವರಿಗೂ ನಮಗೂ ಮಾತಿಲ್ಲ."